ಸೆರಗಿನ ಕೆಳಗೆ ಕುದುರಿದ ಅವರೆಕಾಯಿ

ನನ್ನ ಕೈಯಿಂದ ಸಂತೆ ಚೀಲ ಕಿತ್ತುಕೊಂಡದ್ದು ಒಂದು ಹಿಟ್ಟಿನ ಪಾಕೀಟು. ತಪ್ಪು ನನ್ನದೇ ಇತ್ತು, ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ.

ಅಮೆರಿಕದ ಸ್ಯಾನ್ ಹೊಸೆಯ ಬೆರ್ರಿಯೆಸಾದಲ್ಲಿರುವ ಮಗಳ ಮನೆಗೆ ನಾನು ಬಂದು ಇದು ಆರನೇ ವರ್ಷ. ಮಗಳು ಡಾಕ್ಟರು. ಅಳಿಯ ಮೈಸೂರಿನವನು, ಇಡೀ ದಿನ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಮೀಟಿಂಗು ಮಾಡುತ್ತಾನೆ. ಮೊಮ್ಮಕ್ಕಳಿಬ್ಬರೂ ಕಾಲೇಜು ಅಂತ ಬೇರೆ ಊರಿನಲ್ಲಿದ್ದಾರೆ. ನನ್ನ ಓದು ಮೂರನೆಯ ಇಯತ್ತೆಗೆ ನಿಂತಿತು. ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ, ಕೂಡಿಸಿ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಗೊತ್ತು. ಸಂತೆಗೆ ಅಷ್ಟು ಸಾಕು ಅಂತ ತಿಳಿದಿದ್ದೆ.

ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಚೀನಿಯವರ ದೊಡ್ಡ ಅಂಗಡಿ ಸಿಗುತ್ತದೆ. ಬಂದ ಹೊಸದರಲ್ಲಿ ಮಗಳು ಒಳಗೆ ಹೋದರೆ ನಾನು ಮೀನಿನ ವಾಸನೆಗೆ ಕಾರಿನಲ್ಲೇ ಕೂಡುತ್ತಿದ್ದೆ. ಒಂದು ದಿನ ಬೇಸರ ಬಂದು ಒಳಗೆ ಹೋದೆ. ಹೋಗಿ ನೋಡಿದ ಮೇಲೆ, ಇಷ್ಟು ದಿನ ಹೊರಗೆ ಯಾಕೆ ಕೂತೆ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ನಮ್ಮವರ ಗ್ರೋಸರಿಯಲ್ಲಿ ಕಾಯಿಪಲ್ಯ ಮಲಗಿರುತ್ತದೆ, ಇಲ್ಲಿ ಎದ್ದು ನಿಂತಿತ್ತು. ಕೆಂಪು ರಾಜಗಿರಿ, ಬಸಳೆ, ಹೀರೇಕಾಯಿ, ಹಾಗಲಕಾಯಿ, ಮೊಳ ಉದ್ದದ ಅಲಸಂದಿ, ಮೈತುಂಬ ಬೂದಿ ಬಳಿದುಕೊಂಡ ಕುಂಬಳ. ನಮ್ಮ ಧಾರವಾಡದ ಕಡೆ ಈಗ ಹುಡುಕಿಕೊಂಡು ಹೋಗಬೇಕಾದ ನವಣಕ್ಕಿಯನ್ನು ಚೀಲಚೀಲ ಒಟ್ಟಿದ್ದರು. ಗಾಜಿನ ತೊಟ್ಟಿಯಲ್ಲಿ ಮೀನು ಈಜುತ್ತಿದ್ದವು. ನಾವು ತಿನ್ನುವವರಲ್ಲ. ತಿನ್ನುವವರು ತಿನ್ನಲಿ, ಮೀನೇನು ಹಾರಿ ಬಂದು ನನ್ನ ಚೀಲಕ್ಕೆ ಬೀಳುವುದಿಲ್ಲ.

ಅಲ್ಲಿಂದ ಮುಂದೆ ಮನೆಯ ಸಂತೆ ನನ್ನದೇ ಆಯಿತು. ಏನು ಬೇಯಬೇಕು, ಯಾವಾಗ ಬೇಯಬೇಕು ಎಲ್ಲ ನನ್ನ ಚೀಲ ಹೇಳಿದಂತೆ. ನನಗೆ ಈ ಊರಿನಲ್ಲಿ ಟೀವಿ ಬೇಡ, ಗುಡಿ ಬೇಡ, ನನ್ನ ವಯಸ್ಸಿನವರ ಜೊತೆ ಪಾರ್ಕಿನಲ್ಲಿ ಕೂತು ಮೊಣಕಾಲಿನ ಸುದ್ದಿ ಹೇಳುವುದು ಬೇಡವೇ ಬೇಡ. ಸಂತೆ ಒಂದಿದ್ದರೆ ಸಾಕು.

ಈ ಬೇಸಿಗೆಯಲ್ಲಿ ಅಳಿಯ ಅಕ್ಕಿ ರೊಟ್ಟಿ ಕೇಳಿದ. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಚೀನಿ ಅಂಗಡಿಯಲ್ಲಿ ಪಾಕೀಟಿನ ಮೇಲೆ ಅಕ್ಕಿಯ ಚಿತ್ರ ನೋಡಿದೆ, ತಂದೆ, ಕಲಸಿದೆ. ಮೊದಲನೆಯ ರೊಟ್ಟಿ ಹಂಚಿಗೆ ಅಂಟಿತು, ಎರಡನೆಯದು ಕೈಗೆ, ಮೂರನೆಯದು ಅಳಿಯನ ಹಲ್ಲಿಗೆ. ಅವನು ಮರ್ಯಾದಸ್ತ. "ಚೆನ್ನಾಗಿದೆ ಅತ್ತೆ" ಅಂದ, ಬಾಯಿ ತೆರೆಯದೆ. ಉಳಿದ ಹಿಟ್ಟನ್ನು ನಾನು ಸಿಂಕಿಗೆ ಹಾಕಿ ಬಿಸಿನೀರು ಬಿಟ್ಟೆ. ಅಲ್ಲಿಗೆ ಸಿಂಕು ಕಟ್ಟಿತು. ನಳದ ರಿಪೇರಿಯವನು ಬಂದು ಕೆಳಗಿನ ಪೈಪು ಬಿಚ್ಚಿ, ಒಳಗಿಂದ ಬಿಳೀ ಹಾವಿನಂಥದ್ದನ್ನು ಎಳೆದು ತೆಗೆದ.

ಸಂಜೆ ಮಗಳು ಪಾಕೀಟು ಓದಿದಳು. "ಅವ್ವಾ, ಇದು ಜಿಗಟು ಅಕ್ಕಿ ಹಿಟ್ಟು. ಚೀನಿ ಮಂದಿ ಸಿಹಿ ಉಂಡಿಗೆ ಹಾಕ್ತಾರ."

"ಹಂಗಂತ ಚಿತ್ರದಾಗ ಎಲ್ಲಿ ತೋರಿಸ್ಯಾರ?"

"ಬರದಾರ. ಇಷ್ಟು ದೊಡ್ಡ ಅಕ್ಷರದಾಗ ಬರದಾರ."

ಮರುದಿನದಿಂದ ಮಗಳು ಫೋನಿನಲ್ಲಿ ಸಾಮಾನು ತರಿಸತೊಡಗಿದಳು. ಯಾರೋ ಬಾಗಿಲಲ್ಲಿ ಚೀಲ ಇಟ್ಟು ಓಡಿಹೋಗುತ್ತಿದ್ದರು, ಮುಖ ಸಹ ತೋರಿಸುತ್ತಿರಲಿಲ್ಲ. ತೋರಿಸಿದ್ದರೆ ಬದನೆಕಾಯಿ ಎಷ್ಟು ಬಲಿತಿದೆ ಅಂತ ಅವರ ಮುಂದೆಯೇ ಒಡೆದು ತೋರಿಸುತ್ತಿದ್ದೆ. ಎರಡು ತಿಂಗಳು ಸುಮ್ಮನೆ ತಿಂದೆ.

ಅಕ್ಟೋಬರ್ ಬಂತು. ಅಳಿಯನ ಗೆಳೆಯರು, ಹೆಂಗಸರು ಗಂಡಸರು ಸೇರಿ ಹದಿನೈದು ಮಂದಿ, ರವಿವಾರ ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಒಬ್ಬರು ತಾಸು ದೂರದ ವಾಲ್ನಟ್ ಕ್ರೀಕಿನಿಂದ, ಉಳಿದವರು ಇಲ್ಲಿಯವರೇ. ಎಲ್ಲ ಬೆಂಗಳೂರು, ಮೈಸೂರಿನವರು. ಸೋಮವಾರ ಮಗಳು ಫೋನು ಹಿಡಿದುಕೊಂಡು ಪಟ್ಟಿ ಮಾಡುತ್ತಿದ್ದಳು.

"ಈ ಊಟದ ಸಂತಿ ನಾ ಮಾಡ್ತೀನಿ" ಅಂದೆ.

"ಬ್ಯಾಡವಾ. ಹದಿನೈದು ಮಂದಿ ಹಲ್ಲು ಅಂಟಿದರ ನಾ ಯಾರಿಗೆ ಮುಖ ತೋರಿಸ್ಲಿ?"

"ನನ್ನ ಕೈಲೆ ಒಂದು ಸಾಮಾನು ತಪ್ಪಿದರ ಮತ್ತ ಎಂದೂ ಸಂತಿ ಸುದ್ದಿ ತಗಿಯೂದಿಲ್ಲ. ಎಲ್ಲಾ ಸರಿ ಬಂದ್ರ ನಿನ್ನ ಫೋನಿನ ಸಂತಿ ಬಂದ್. ಆತೇನು?"

ಮಗಳು ನನ್ನನ್ನೇ ನೋಡಿದಳು. ಅವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು, ವ್ಯಾಪಾರ ಬರುತ್ತದೆ. "ಆತು. ಹಸಿ ಅವರಿಕಾಯಿ ತಗೊಂಡು ಬಾ. ಹಿಸುಕಿದ ಬ್ಯಾಳಿ ಸಾರು ಮಾಡು. ಅವರು ಮೈಸೂರಿನವರು, ಅದಕ್ಕ ಜೀವಾ ಬಿಡ್ತಾರ."

ಒಳಗಿನ ಕೋಣೆಯಿಂದ ಅಳಿಯ ಕೂಗಿದ: "ಫ್ರೋಜನ್ ಸಿಗತ್ತಲ್ಲ ಕಣೇ, ಅತ್ತೇನ ಯಾಕೆ ಗೋಳು ಹುಯ್ಕೋತೀಯ?"

"ಫ್ರೋಜನ್ ನಡಿಯೂದಿಲ್ಲ" ಅಂದಳು ಮಗಳು.

"ಫ್ರೋಜನ್ ಯಾರಿಗೆ ಬೇಕಾಗೇದ?" ಅಂದೆ ನಾನು.

ಅಂದದ್ದೇನೋ ಅಂದೆ. ಕಾಳು ತುಂಬಿದ ಹಸಿ ಅವರೆಕಾಯಿಯನ್ನು ಆರು ವರ್ಷದಲ್ಲಿ ಈ ಊರಿನಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಮಂಗಳವಾರ ಚೀನಿ ಅಂಗಡಿಗೆ ಹೋದೆ, ಇಲ್ಲ. ಬುಧವಾರ ಅಳಿಯನಿಂದ ನಮ್ಮವರ ಗ್ರೋಸರಿಗಳಿಗೆಲ್ಲ ಫೋನು ಮಾಡಿಸಿದೆ, ಇಲ್ಲ. ಉಳಿದದ್ದು ಶನಿವಾರದ ಬಯಲು ಸಂತೆ ಒಂದೇ. ಕಾರು ನಿಲ್ಲಿಸುವ ಜಾಗದಲ್ಲಿ ಚಿಕ್ಕ ಹೊಲದವರು, ಹಿತ್ತಲದವರು ಟೇಬಲ್ಲು ಹಾಕಿಕೊಂಡು ಕೂಡುತ್ತಾರೆ. ಅರ್ಧಕ್ಕರ್ಧ ಚೀನಿಯವರು. ಅಲ್ಲಿ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಮರುದಿನ ಊಟ, ನನ್ನ ಸಂತೆ ಮುಗಿದಂತೆ.

ಶನಿವಾರ ಬೆಳಿಗ್ಗೆ ಗಾಲಿಯ ಚೀಲ ಎಳೆದುಕೊಂಡು ಹೋದೆ. ಕೊತ್ತಂಬರಿ, ಹಸಿಮೆಣಸಿನಕಾಯಿ, ಎಳೆ ಮೂಲಂಗಿ, ಸಣ್ಣ ಬದನೆಕಾಯಿ ಎಲ್ಲ ಅರ್ಧ ತಾಸಿನಲ್ಲಿ ಆಯಿತು. ಅವರೆ ಇತ್ತು. ನಾಲ್ಕು ಟೇಬಲ್ಲಿನಲ್ಲಿ ಇತ್ತು. ಆದರೆ ಎಲ್ಲ ಎಳೆಯದು. ನೇರಳೆ ಬಣ್ಣದ ಚಪ್ಪರದವರೆ, ಹಾಳೆಯ ಹಾಗೆ ಚಪ್ಪಟೆ, ಒಳಗೆ ಕಾಳೇ ಇಲ್ಲ. ಚೀನಿಯವರು ಕಾಯಿಯನ್ನು ಸಿಪ್ಪೆ ಸಮೇತ ಹೆಚ್ಚಿ ಹುರಿದು ತಿನ್ನುತ್ತಾರೆ, ಕಾಳು ಕಟ್ಟುವವರೆಗೆ ಬಿಡುವುದೇ ಇಲ್ಲ. ನಾನು ಒಂದೊಂದು ಟೇಬಲ್ಲಿನಲ್ಲೂ ಕಾಯಿ ಹಿಸುಕಿ ನೋಡುತ್ತಾ ಹೋದೆ, ಅವರು ನನ್ನನ್ನು ದುರುಗುಟ್ಟಿ ನೋಡಿದರು. ನೋಡಲಿ.

ಕೊನೆಯ ಸಾಲಿನಲ್ಲಿ ನನ್ನದೇ ವಯಸ್ಸಿನ ಒಬ್ಬಳು ಕೂತಿದ್ದಳು. ಬಿಸಿಲಿಗೆ ದೊಡ್ಡ ಟೊಪ್ಪಿಗೆ, ಅಂಗಿಯ ತೋಳಿನ ಮೇಲೆ ಹೂವಿನ ಬಟ್ಟೆಯ ಇನ್ನೊಂದು ತೋಳು ಏರಿಸಿಕೊಂಡಿದ್ದಳು. ಗಿರಾಕಿಗಳು ಅವಳನ್ನು "ಆಯೀ, ಆಯೀ" ಅಂತ ಕರೆಯುತ್ತಿದ್ದರು. ನನ್ನ ಕಿವಿ ನೆಟ್ಟಗಾಯಿತು. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಚೀನಿಯಲ್ಲಿ ಏನೋ ಗೊತ್ತಿಲ್ಲ, ಆಕೆ ಓಗೊಡುತ್ತಿದ್ದಳು, ನನಗೆ ಅಷ್ಟು ಸಾಕಾಯಿತು. "ಆಯೀ" ಅಂತ ನಾನೂ ಕರೆದೆ. ತಿರುಗಿ ನೋಡಿ ನಕ್ಕಳು. ಅವಳ ಟೇಬಲ್ಲಿನ ಮೇಲೂ ಹಾಳೆಯಂಥ ಅವರೆಯೇ ಇತ್ತು. ಆದರೆ ಟೇಬಲ್ಲಿನ ಕೆಳಗೆ, ಮೈಲಿಗೆ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಬಲಿತು ಉಬ್ಬಿದ ಅವರೆಕಾಯಿ ರಾಶಿ ಬಿದ್ದಿತ್ತು. ಬಳ್ಳಿ ಕಿತ್ತಾಗ ಉಳಿದದ್ದಿರಬೇಕು. ಒಂದೊಂದರಲ್ಲೂ ನಾಲ್ಕು ಕಾಳು ಹೊರಗೆ ಎದ್ದು ಕಾಣುತ್ತಿದ್ದವು.

ನಾನು ಬುಟ್ಟಿ ತೋರಿಸಿದೆ. ಆಕೆ ತಲೆ ಅಲ್ಲಾಡಿಸಿದಳು. "ಓಲ್ಡ್. ನೋ ಗುಡ್" ಅಂದು, ಮೇಲಿನ ಎಳೆಯದನ್ನು ನನ್ನ ಮುಂದೆ ನೂಕಿದಳು. ನಾನು ಎಳೆಯದನ್ನು ಹಿಂದೆ ನೂಕಿ ಮತ್ತೆ ಬುಟ್ಟಿ ತೋರಿಸಿದೆ. ಆಕೆ ಬುಟ್ಟಿಯನ್ನು ಕಾಲಿನಿಂದ ಇನ್ನೂ ಒಳಗೆ ತಳ್ಳಿದಳು. ಮುಚ್ಚಿಟ್ಟುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಮುಖ ನೋಡಿದೆ, ನಾಚಿಕೊಂಡಿದ್ದಳು. ನಾರುಗಟ್ಟಿದ ಕಾಯಿಯನ್ನು ಗಿರಾಕಿಗೆ ಮಾರಿದರೆ ಅವಳ ಹೆಸರು ಕೆಡುತ್ತದಲ್ಲ! ನಾನೂ ಹಾಗೆಯೇ ಮಾಡುತ್ತಿದ್ದೆ.

ಹೇಳಿ ತಿಳಿಸಲು ನನ್ನಲ್ಲಿ ಭಾಷೆ ಇಲ್ಲ. ಬಗ್ಗಿ ಬುಟ್ಟಿಯಿಂದ ಒಂದು ಕಾಯಿ ತೆಗೆದೆ. ಸೀಳಿದೆ, ಸಿಪ್ಪೆ ಬಿಸಾಕಿದೆ, ಕಾಳು ಹಿಡಿದೆ. ಉಗುರಿನಿಂದ ತುದಿ ಚಿವುಟಿ, ಎರಡು ಬೆರಳ ನಡುವೆ ಒತ್ತಿದೆ. ಪುಳಕ್ ಅಂತ ಬೇಳೆ ಹಾರಿ ಅವಳ ಟೊಪ್ಪಿಗೆಗೆ ಬಡಿಯಿತು. ಆಕೆ "ಆಯ್ಯಾ!" ಅಂದಳು. ಎರಡನೆಯದನ್ನು ಅಂಗೈಯಲ್ಲಿ ಹಿಡಿದು ಒತ್ತಿ ತೋರಿಸಿದೆ: ಇದೋ ತೊಗಲು, ಇದೋ ಬೇಳೆ. ತೊಗಲು ಎಸೆದೆ, ಬೇಳೆಯನ್ನು ಬಾಯಿಯ ಹತ್ತಿರ ತಂದು ಉಣ್ಣುವವಳಂತೆ ಮಾಡಿದೆ. ಆಕೆ ತಾನೂ ಒಂದು ಕಾಳು ತೆಗೆದು ಒತ್ತಿದಳು. ಹಾರಿತು. ನಕ್ಕು ನಕ್ಕು ಪಕ್ಕದ ಟೇಬಲ್ಲಿನವರನ್ನೆಲ್ಲ ಕೂಗಿ ಕರೆದಳು. ಅವರೂ ಬಂದು ಒತ್ತಿದರು. ಜನ ಕೂಡಿತು.

ಜನ ಕೂಡಿದ್ದೇ ತಪ್ಪಾಯಿತು. ಆ ಜನರಲ್ಲಿ ಒಬ್ಬ ಗುಜರಾತಿ ಹೆಂಗಸು ಇದ್ದಳು. ಬುಟ್ಟಿ ನೋಡಿದವಳೇ "ವಾಲ್! ವಾಲ್!" ಅಂತ ಬಾಯಿ ತೆರೆದಳು. ಅವರ ಭಾಷೆಯಲ್ಲಿ ವಾಲ್ ಅಂದರೆ ಅವರೆ, ಅದರ ಬೆಲೆ ಅವಳಿಗೂ ಗೊತ್ತಿತ್ತು. "ಕಿತನಾ? ಹೌ ಮಚ್?" ಅಂತ ಪರ್ಸು ತೆಗೆದಳು. ಎರಡು ನಿಮಿಷದ ಹಿಂದೆ ಯಾರಿಗೂ ಬೇಡವಾಗಿದ್ದ ಬುಟ್ಟಿಗೆ ನಾನೇ ಬೆಲೆ ಏರಿಸಿ ಕೂತಿದ್ದೆ. ಅವಳು ಇಂಗ್ಲಿಷ್ ಬಲ್ಲವಳು, ನಾನು ಮೂರನೆಯ ಇಯತ್ತೆ. ಬಾಯಿಮಾತಿನ ವ್ಯಾಪಾರವಾದರೆ ನಾನು ಸೋತೆ ಅಂತಲೇ ಲೆಕ್ಕ.

ನನ್ನ ಅಪ್ಪ ದನದ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಕೈಗೆ ಕೈ ಕೊಟ್ಟು ಮೇಲೆ ಟವೆಲ್ಲು ಹಾಕುತ್ತಾರೆ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಟವೆಲ್ಲು ಅಲ್ಲಾಡುವುದು ಮಾತ್ರ ಕಾಣುತ್ತದೆ. ಶಾಲೆ ಬಿಡಿಸಿದ ಮೇಲೆ ನಾನು ಅಪ್ಪನ ಬುತ್ತಿ ಹೊತ್ತು ಸಂತೆಗೆ ಹೋಗುತ್ತಿದ್ದೆ. ಮನೆಯಲ್ಲಿ ಅವನು ನನ್ನ ಕೈ ಹಿಡಿದೇ ರೂಢಿ ಮಾಡುತ್ತಿದ್ದ. ಒಂದು ಬೆರಳು ಒಂದು, ಪೂರಾ ಹಸ್ತ ಐದು, ಬೆರಳು ಕೊಕ್ಕೆಯಂತೆ ಮಡಚಿದರೆ ಅರ್ಧ.

ಯೋಚನೆ ಮಾಡಲು ಹೊತ್ತಿರಲಿಲ್ಲ. ಆಯಿಯ ಕೈ ಹಿಡಿದೆ, ಮೇಲೆ ನನ್ನ ಸೆರಗು ಹಾಕಿದೆ, ಇಡೀ ಬುಟ್ಟಿಗೆ ಅಂತ ಪೂರಾ ಹಸ್ತ ಅಮುಕಿದೆ. ಐದು.

ಕೈ ಎಳೆದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದಳು, ಟೊಪ್ಪಿಗೆಯ ಕೆಳಗೆ ಕಣ್ಣು ಸಣ್ಣದಾಯಿತು. ಒಳಗಿಂದ ಒಂದು ಬೆರಳು ಬಂದು, ಕೊಕ್ಕೆಯಾಗಿ ಮಡಚಿ, ನನ್ನ ಅಂಗೈಯಲ್ಲಿ ಕೂತಿತು.

ಈಕೆಗೂ ಈ ವಿದ್ಯೆ ಬರುತ್ತದೆ! ಆದರೆ ಹೇಳುತ್ತಿರುವುದೇನು? ಕೊಕ್ಕೆ ಅಂದರೆ ಅರ್ಧ. ಐದಕ್ಕೆ ಅರ್ಧ ಬುಟ್ಟಿ. ಹದಿನೈದು ಮಂದಿಗೆ ಅರ್ಧ ಬುಟ್ಟಿ ಎಲ್ಲಿ ಸಾಲುತ್ತದೆ? ನಾನು ಅವಳ ಬೆರಳು ಹಿಡಿದು ನೆಟ್ಟಗೆ ಮಾಡಿದೆ. ಅರ್ಧ ಅಲ್ಲ, ಪೂರಾ. ಆಕೆ ಮತ್ತೆ ಮಡಚಿದಳು. ನಾನು ಮತ್ತೆ ನೆಟ್ಟಗೆ ಮಾಡಿದೆ. ಗುಜರಾತಿಯವಳು "ಕ್ಯಾ ಹೋ ರಹಾ ಹೈ?" ಅಂತ ಸೆರಗಿನ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಮೂರನೆಯ ಸಲ ಬೆರಳು ನೆಟ್ಟಗೆ ಮಾಡಿದಾಗ ಆಯಿಗೆ ತಾಳ್ಮೆ ತಪ್ಪಿತು. ಗುಜರಾತಿಯವಳಿಗೆ ಬೆನ್ನು ಮಾಡಿ, ಎರಡೂ ಕೈ ಹೊರಗೆ ತೆಗೆದು ನನ್ನ ಹೊಟ್ಟೆಯ ಹತ್ತಿರ ಹಿಡಿದು, ಬೆರಳು ಒಂದೊಂದಾಗಿ ಬಿಚ್ಚಿದಳು. ಒಂಬತ್ತು.

ಆಗ ತಿಳಿಯಿತು. ಅವರ ಕೊಕ್ಕೆ ಒಂಬತ್ತು, ನಮ್ಮದು ಅರ್ಧ. ಒಂಬತ್ತು ಡಾಲರಿಗೆ ಪೂರಾ ಬುಟ್ಟಿ ಹೇಳುತ್ತಿದ್ದವಳಿಗೆ ನಾನು ಬೆರಳು ಮುರಿಯುವ ಹಾಗೆ ಜಗಳ ತೆಗೆದಿದ್ದೆ.

ಒಂಬತ್ತು ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ. ದಲ್ಲಾಳಿಯ ಮಗಳು ಮೊದಲ ಮಾತಿಗೆ ಒಪ್ಪಿದರೆ ಎದುರಿನವರಿಗೂ ಅವಮಾನ. ಮತ್ತೆ ಸೆರಗು ಹಾಕಿ ಐದೇ ಹಿಡಿದೆ. ಆಕೆ ಹೆಬ್ಬೆರಳು, ಕಿರುಬೆರಳು ಎರಡೇ ಚಾಚಿದಳು. ಎರಡಾಗುವುದು ಸಾಧ್ಯವಿಲ್ಲ ಅಂತ ಈ ಸಲ ಬುದ್ಧಿ ಇತ್ತು, ಹೊರಗೆ ತೋರಿಸು ಅಂತ ಸನ್ನೆ ಮಾಡಿದೆ. ಆರು ಬೆರಳು ತೋರಿಸಿದಳು. ಆರಕ್ಕೆ ಕುದುರಿತು. ಸೆರಗು ಝಾಡಿಸಿ ತೆಗೆದೆ, ಅಪ್ಪ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಹಾಗೆಯೇ.

"ಕಿತನೇ ಮೇ ದಿಯಾ?" ಎಷ್ಟಕ್ಕೆ ಕೊಟ್ಟಳು ಅಂತ ಗುಜರಾತಿಯವಳು ನನ್ನನ್ನು ಕೇಳಿದಳು.

"ಹೋ ಗಯಾ" ಅಂದೆ. ಅವಳ ಮುಖ ಸಣ್ಣದಾಗಿತ್ತು. ಅವಳ ಚೀಲಕ್ಕೆ ಎರಡು ಬೊಗಸೆ ಕಾಯಿ ಹಾಕಿದೆ. ಮೂರನೆಯದು ಹಾಕಲಿಲ್ಲ.

ಆಯಿ ನನ್ನನ್ನು ಹೋಗಲು ಬಿಡಲಿಲ್ಲ. ಸ್ಟೂಲು ಎಳೆದು ಕೂರಿಸಿದಳು, ಫ್ಲಾಸ್ಕಿನಿಂದ ಬಟ್ಟಲಿಗೆ ಹಳದಿ ಗಂಜಿ ಬಗ್ಗಿಸಿದಳು. ಕುಡಿದು ನೋಡಿದರೆ ನವಣೆ ಗಂಜಿ! ಉಪ್ಪಿಲ್ಲ, ಮಜ್ಜಿಗೆಯಿಲ್ಲ, ಬರೀ ನೀರು ನವಣೆ. ಜೊತೆಗೆ ಹಬೆಯಲ್ಲಿ ಬೇಯಿಸಿದ, ಮುಷ್ಟಿಯಷ್ಟು ದೊಡ್ಡ ಬಿಳಿ ಕಡುಬು. ಒಡೆದು ಒಳಗಿನದನ್ನು ತೋರಿಸಿದಳು: ಸೊಪ್ಪು, ಅಣಬೆ. ತಿಂದೆ. ಕಡುಬು ಬಹಳ ಚೆನ್ನಾಗಿತ್ತು, ಹಿಟ್ಟು ಹತ್ತಿಯ ಹಾಗಿತ್ತು. ಗಂಜಿಗೆ ಉಪ್ಪು ಬೇಕೇ ಬೇಕಿತ್ತು, ಅದನ್ನು ಸನ್ನೆಯಿಂದ ಹೇಳಿಯೂ ಹೇಳಿದೆ. ಆಕೆ ಉಪ್ಪಿನಕಾಯಿಯ ಬಾಟಲಿ ಮುಂದಿಟ್ಟಳು. ಆಗ ಸರಿಯಾಯಿತು.

ಬೆರಳಿನ ವಿದ್ಯೆ ಎಲ್ಲಿ ಕಲಿತೆ ಅಂತ ಕೇಳುವುದು ಹೇಗೆ? ನಾನು ತಲೆಯ ಎರಡೂ ಕಡೆ ಬೆರಳಿನಿಂದ ಕೋಡು ಮಾಡಿ "ಅಂಬಾ" ಅಂದೆ, ಸೆರಗು ತೋರಿಸಿದೆ. ಆಕೆ ಹೂವಿನ ತೋಳಿನೊಳಗೆ ಕೈ ಎಳೆದುಕೊಂಡು ಬೆರಳು ಆಡಿಸಿ ತೋರಿಸಿದಳು. ಅವರ ಕಡೆ ಟವೆಲ್ಲಿಲ್ಲ, ತೋಳಿನೊಳಗೆ ವ್ಯಾಪಾರ. ಆಮೇಲೆ ತಲೆಯ ಮೇಲೆ ಅಂಗೈ ಎರಡೂ ಎತ್ತಿ ಉದ್ದ ಕಿವಿ ಮಾಡಿ, ಸಂತೆಯೆಲ್ಲ ತಿರುಗಿ ನೋಡುವ ಹಾಗೆ ಕತ್ತೆಯಂತೆ ಕೂಗಿದಳು. ಕತ್ತೆ ಮಾರುವವನ ಮಗಳು, ದನ ಮಾರುವವನ ಮಗಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನನಗೆ ಕೆಮ್ಮು ಬಂತು, ಆಕೆ ಬೆನ್ನು ಗುದ್ದಿದಳು. ಜೋರಾಗಿಯೇ ಗುದ್ದಿದಳು.

ಮನೆಗೆ ಬಂದು ಚೀಲವನ್ನು ಊಟದ ಟೇಬಲ್ಲಿನ ಮೇಲೆ ಸುರಿದೆ. ಮಗಳು ಒಂದು ಕಾಯಿ ತೆಗೆದು ಮೂಸಿದಳು, ಸೀಳಿ ಕಾಳು ಎಣಿಸಿದಳು. ಅಳಿಯ ಶನಿವಾರವೂ ಬಿಡದ ಮೀಟಿಂಗಿನ ನಡುವೆ ಎದ್ದು ಬಂದ. ಕಿವಿಯಲ್ಲಿ ಇನ್ನೂ ವೈರು ಇತ್ತು. "ಅಯ್ಯೋ ಅತ್ತೆ! ಅವರೇಕಾಯಿ!" ಅಂದದ್ದು ಮೀಟಿಂಗಿನವರಿಗೆಲ್ಲ ಕೇಳಿಸಿತಂತೆ.

ಮಧ್ಯಾಹ್ನ ಕಾಳು ಬಿಡಿಸಿ ನೆನೆಹಾಕಿದೆ, ಸಂಜೆಗೆ ಹಿಸುಕಲು ಕೂತೆ. ಕಾಳಿನ ರಾಶಿ ನೋಡಿ ಮಗಳೂ ಕೂತಳು. ಅವಳು ಆಪರೇಷನ್ ಮಾಡುವ ಕೈಯವಳು, ಒಂದು ಬೇಳೆಯೂ ನೆಲಕ್ಕೆ ಬೀಳಲಿಲ್ಲ.

"ಸೋತಿ ಅಂತ ಈಗ ಹೇಳ್ತಿಯೋ, ಊಟಾ ಆದ ಮ್ಯಾಲೆ ಹೇಳ್ತಿಯೋ?" ಅಂದೆ.

"ಇನ್ನೂ ಸಾರು ಆಗಿಲ್ಲ. ಕಾಯಿ ತಂದ್ರ ಆತೇನು? ಅವರು ಉಂಡು ಹೇಳ್ಲಿ."

ಅದೂ ಸರಿಯೇ.

ರವಿವಾರ ಸಾರು ಮಾಡಿದೆ. ಬೇಳೆಯನ್ನು ಚೆನ್ನಾಗಿ ಬೇಯಿಸಿ, ಕೊಬ್ಬರಿ, ಕೊತ್ತಂಬರಿ, ಶುಂಠಿ, ಹಸಿಮೆಣಸು ಅರೆದು ಹಾಕಿದೆ. ಚಪ್ಪರದವರೆಗೆ ಹೊಲದವರೆಯ ಸೊಗಡು ಇರುವುದಿಲ್ಲ, ಅದನ್ನು ಒಪ್ಪುತ್ತೇನೆ. ಇಂಗು ಒಂದು ಚಿಟಿಕೆ ಹೆಚ್ಚು ಹಾಕಿ ಸುಮ್ಮನಾದೆ. ಹದಿನೈದು ಮಂದಿ ಬಂದರು. ವಾಲ್ನಟ್ ಕ್ರೀಕಿನಿಂದ ಬಂದ ಹೆಂಗಸು ಅವರೆಯ ಮೇಳಕ್ಕೆ ಪ್ರತಿ ವರ್ಷ ಬೆಂಗಳೂರಿಗೆ ಟಿಕೆಟ್ ತೆಗೆಸುವವಳು, ಮುಗಿಯದ ಮಾತು ಅವಳದು. ಮೊದಲ ತುತ್ತಿಗೇ ಅವಳ ಮಾತು ನಿಂತಿತು.

ಎರಡನೆಯ ತುತ್ತಿಗೆ ಕೇಳಿದಳು: "ಇದು ಫ್ರೋಜನ್ ಅಲ್ಲ. ಊರಿಂದ ಯಾರು ತಂದ್ಕೊಟ್ರು?"

ಎಲ್ಲರೂ ಮಗಳ ಕಡೆ ನೋಡಿದರು. ನಾನು ಅಡುಗೆ ಕಟ್ಟೆಯ ಹತ್ತಿರ ನಿಂತು ಅವಳನ್ನೇ ನೋಡುತ್ತಿದ್ದೆ. ಅವಳು ನೀರು ಕುಡಿದು, ಲೋಟ ಕೆಳಗಿಟ್ಟು, ತಿರುಗಿ ನನಗೇ ಹೇಳಿದಳು: "ಆತವಾ, ಸೋತೆ. ಸಂತಿ ನಿಂದ."

"ಜೋರಾಗಿ ಹೇಳು. ಅವರಿಗೆ ಕೇಳಿಸಿಲ್ಲ."

"ಸೋತೆ ಅಂದ್ನಲ್ಲ!"

ಯಾರಿಗೂ ಏನೂ ತಿಳಿಯಲಿಲ್ಲ, ಆದರೂ ಎಲ್ಲರೂ ನಕ್ಕರು. ಪಾತ್ರೆಯ ತಳಕ್ಕೆ ಸೌಟು ಬಡಿಯುವವರೆಗೆ ಉಂಡರು. ವಾಲ್ನಟ್ ಕ್ರೀಕಿನ ಹೆಂಗಸು ನನ್ನ ಬೆನ್ನು ಹತ್ತಿ ಅಡುಗೆಮನೆಗೆ ಬಂದಳು.

"ಅಜ್ಜೀ, ಎಲ್ಲಿ ಸಿಕ್ತು ಹೇಳಿ, ಪ್ಲೀಸ್."

"ಸಂತ್ಯಾಗ."

"ಯಾವ ಸಂತೆ?"

"ಚೀನಿ ಮಂದೀದು."

"ಅಲ್ಲಿಗೆ ನಾನೂ ಹೋಗ್ತೀನಲ್ಲ, ಬರೀ ಎಳೇದು ಇರತ್ತೆ!"

"ಹಂಗಾದ್ರ ನಿಮಗ ಕೇಳ್ಲಿಕ್ಕೆ ಬರೂದಿಲ್ಲ" ಅಂದೆ.

ಸೋಮವಾರ ಬೆಳಿಗ್ಗೆ ಮಗಳು ಆಸ್ಪತ್ರೆಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು: "ಈ ವಾರ ಏನ್ ತರ್ತಿ, ಅವ್ವಾ?"

"ತಂದಾಗ ನೋಡು" ಅಂದೆ, ಬಾಗಿಲು ಹಾಕಿದೆ.